ಪ್ರಶ್ನಾವಳಿ ಹಂಚುವ ಮೊದಲು: ಶಾಲಾ ಆಪ್ತಸಮಾಲೋಚಕಿಯೊಬ್ಬಳ ಅನುಭವ

ಶಾಲೆಯ ಆಪ್ತಸಮಾಲೋಚಕಿಯಾಗಿ ಸೇರಿದ ವರ್ಷ ನಾನು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸವೇ ತಪ್ಪಾಗಿತ್ತು. ಅದು ಎಲ್ಲರ ಕಣ್ಣಿಗೂ ಒಳ್ಳೆಯ ಕೆಲಸವಾಗಿ ಕಂಡಿದ್ದರಿಂದ, ತಪ್ಪೆಂದು ತಿಳಿಯಲು ನನಗೆ ಹೆಚ್ಚು ಕಾಲ ಹಿಡಿಯಿತು. ಪ್ರೌಢ ತರಗತಿಗಳ ಸುಮಾರು 200 ಮಕ್ಕಳಿಗೆ ಒಂದೇ ವಾರದಲ್ಲಿ ಪ್ರಶ್ನಾವಳಿ ಹಂಚಿ, ತುಂಬಿಸಿ, ಮರಳಿ ಪಡೆದೆ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, ಇಂದು ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿರುವ, ಮಕ್ಕಳ ಭಾವನೆ ಮತ್ತು ನಡವಳಿಕೆಯ ತೊಂದರೆಗಳನ್ನು ಗುರುತಿಸುವ 25 ಹೇಳಿಕೆಗಳ ಪ್ರಶ್ನಾವಳಿ ಅದು. ಪ್ರತಿ ಹೇಳಿಕೆಯ ಮುಂದೆ 'ನಿಜವಲ್ಲ', 'ಸ್ವಲ್ಪ ನಿಜ', 'ಖಂಡಿತ ನಿಜ' ಎಂಬ ಮೂರು ಚೌಕಗಳಿರುತ್ತವೆ. ಮಗು ಒಂದಕ್ಕೆ ಗುರುತು ಹಾಕಬೇಕು. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವಾದ್ದರಿಂದ ಯಾವ ಶಿಕ್ಷಕರೂ ಆಕ್ಷೇಪಿಸಲಿಲ್ಲ, ಮುಖ್ಯೋಪಾಧ್ಯಾಯರು ಪೋಷಕರ ಸಭೆಯಲ್ಲಿ ಅದನ್ನು ಸಾಧನೆಯೆಂದೇ ಹೇಳಿದರು.

ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚೆಂದು ಅರ್ಥ; ಅಂಕಗಳನ್ನು ಕೂಡಿದಾಗ 31 ಹೆಸರುಗಳು ಸಹಜವೆನ್ನುವ ಗಡಿಯಾಚೆ ಬಂದವು. ಇದು ಅನಿರೀಕ್ಷಿತವೇನಲ್ಲ. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 200ನ್ನು ಏಳರಿಂದ ಭಾಗಿಸುವ ಲೆಕ್ಕವನ್ನು ಕಾಗದ ಹಂಚುವ ಮೊದಲೇ ಮಾಡಬಹುದಿತ್ತು. ಒಂದು ಮಗುವಿನೊಂದಿಗೆ ಮೊದಲ ಭೇಟಿಗೆ ಒಂದು ಪೀರಿಯಡ್ ಬೇಕು, ಅನಂತರ ಕನಿಷ್ಠ ಮೂರು ನಾಲ್ಕು ಭೇಟಿಗಳು ಬೇಕು, ಮನೆಯವರೊಡನೆ ಒಮ್ಮೆಯಾದರೂ ಮಾತಾಗಬೇಕು. ವಾರಕ್ಕೆ ನನಗೆ ಸಿಗುತ್ತಿದ್ದದ್ದು ಎಂಟು ಪೀರಿಯಡ್. ಮೊದಲಿನ ಹತ್ತು ಮಕ್ಕಳನ್ನು ನೋಡುವಷ್ಟರಲ್ಲಿ ಪರೀಕ್ಷೆ ಬಂತು, ಉಳಿದ ಕಾಗದಗಳು ಮೇಜಿನ ಡ್ರಾಯರಿನಲ್ಲಿ ಏಳು ವಾರ ಕುಳಿತವು.

ಮಕ್ಕಳು ತುಂಬಿದ ಕಾಗದಗಳಲ್ಲಿ ಒಬ್ಬ ಹುಡುಗಿಯದನ್ನು ನಾನು ಇಂದಿಗೂ ಮರೆತಿಲ್ಲ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಅದು ಆ 31 ಹೆಸರುಗಳ ಪಟ್ಟಿಯಲ್ಲಿಯೇ ಇರಲಿಲ್ಲ. ಒಟ್ಟು ಅಂಕ 14; ಸ್ವತಃ ಮಕ್ಕಳೇ ತುಂಬುವ ನಮೂನೆಯಲ್ಲಿ 15ರವರೆಗೆ ಸಹಜವೆಂದೇ ಎಣಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕಾಗದಗಳನ್ನು ಜೋಡಿಸಿಡುವಾಗ ಅದರ ಒಂದು ಸಾಲಿನಲ್ಲಿ ಕಾಗದ ಮಾಸಿದಂತೆ ಕಂಡಿತು. ಆಗಾಗ ದುಃಖವಾಗುತ್ತದೆ, ಅಳು ಬರುತ್ತದೆ ಎಂಬ ಅರ್ಥದ ಹೇಳಿಕೆಯ ಮುಂದೆ 'ಖಂಡಿತ ನಿಜ' ಚೌಕದಲ್ಲಿ ಪೆನ್ಸಿಲಿನಿಂದ ಒತ್ತಿ ಹಾಕಿದ್ದ ಗುರುತನ್ನು ರಬ್ಬರಿನಿಂದ ಉಜ್ಜಿ ಅಳಿಸಿ, 'ಸ್ವಲ್ಪ ನಿಜ'ಕ್ಕೆ ಹಗುರವಾಗಿ ಗೀರೆಳೆಯಲಾಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಗೆರೆಯ ಕುಳಿ ಕಾಣುತ್ತಿತ್ತು. ಆಮೇಲೆ ಗಮನಿಸಿದರೆ ಭಾವನೆಗೆ ಸಂಬಂಧಿಸಿದ ಐದು ಹೇಳಿಕೆಗಳಲ್ಲಿ ಅವಳ ಅಂಕ 10ಕ್ಕೆ 7 ಇತ್ತು, ಅಂದರೆ ಗಂಭೀರವಾಗಿ ಪರಿಗಣಿಸಬೇಕಾದ ಮಟ್ಟ. ಹಟ, ಜಗಳ, ಚಂಚಲತೆಯ ಹೇಳಿಕೆಗಳಲ್ಲಿ ಬಹುತೇಕ ಸೊನ್ನೆ ಇದ್ದುದರಿಂದ ಮೊತ್ತ ಸಹಜವಾಗಿ ಕಂಡಿತ್ತು. ಮೊತ್ತವನ್ನು ಮಾತ್ರ ನೋಡುವವರ ಕಣ್ಣಿಗೆ ಗಲಾಟೆ ಮಾಡುವ ಮಗು ಬೀಳುತ್ತದೆ, ಸುಮ್ಮನೆ ಕುಳಿತು ಕುಗ್ಗುವ ಮಗು ಬೀಳುವುದಿಲ್ಲ. ತರಗತಿಯಲ್ಲಿ ನಡೆಯುವುದೂ ಇದೇ.

ಅವಳನ್ನು ಕರೆಸಿದಾಗ ಮೊದಲು ಕೇಳಿದ್ದು, "ಮಿಸ್, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು. ನನ್ನ ಕೊಠಡಿ ಮುಖ್ಯೋಪಾಧ್ಯಾಯರ ಕೊಠಡಿಗೆ ತಾಗಿಕೊಂಡಿತ್ತು, ಜವಾನ ತರಗತಿಯ ಬಾಗಿಲಲ್ಲಿ ನಿಂತು ಹೆಸರು ಕೂಗಿ ಕರೆತಂದಿದ್ದ. ಶಿಕ್ಷೆಗೆ ಕರೆಯುವುದೂ ಹಾಗೆಯೇ. ಆ ದಿನ ಅವಳು ಹೆಚ್ಚೇನೂ ಹೇಳಲಿಲ್ಲ. ಗುರುತನ್ನು ಏಕೆ ಅಳಿಸಿದೆ ಎಂದು ಎರಡನೆಯ ಭೇಟಿಯಲ್ಲಿ ಕೇಳಿದಾಗ, ಪಕ್ಕದವಳು ನೋಡುತ್ತಿದ್ದಳು ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಬರೆದ್ರೂ ಯಾರೂ ಏನೂ ಕೇಳ್ಲಿಲ್ವಲ್ಲ ಮಿಸ್" ಎಂದಳು. ಏಳು ವಾರಗಳ ಆ ಮೌನವನ್ನು ಅವಳು ಉತ್ತರವೆಂದೇ ತಿಳಿದಿದ್ದಳು. ನಾನು ಕ್ಷಮೆ ಕೇಳಿದೆ.

ಮರು ವರ್ಷ ಕೆಲಸದ ಕ್ರಮವನ್ನೇ ತಿರುವುಮುರುವು ಮಾಡಿದೆ. ಮೊದಲು ಬಾಗಿಲು, ಆಮೇಲೆ ಪ್ರಶ್ನೆ. ಕೊಠಡಿಯನ್ನು ಗ್ರಂಥಾಲಯದ ಪಕ್ಕಕ್ಕೆ ಬದಲಿಸಿಕೊಂಡೆ, ಏಕೆಂದರೆ ಅತ್ತ ಹೋಗಲು ಯಾವ ಮಗುವಿಗೂ ಕಾರಣ ಹೇಳಬೇಕಾಗಿಲ್ಲ. ಜವಾನನ ಕೂಗು ನಿಲ್ಲಿಸಿ ಸಣ್ಣ ಚೀಟಿ ಬಳಕೆಗೆ ತಂದೆ. ಗ್ರಂಥಾಲಯ, ಕ್ರೀಡೆ, ಕಚೇರಿ, ಆಪ್ತಸಮಾಲೋಚನೆ ಎಲ್ಲಕ್ಕೂ ಒಂದೇ ಬಣ್ಣದ ಚೀಟಿ. ಮಧ್ಯಾಹ್ನದ ಬಿಡುವಿನಲ್ಲಿ ವಾರಕ್ಕೆ ಮೂರು ದಿನ ಹೇಳದೆ ಕೇಳದೆ ಬಂದು ಹತ್ತು ನಿಮಿಷ ಕುಳಿತು ಹೋಗಬಹುದೆಂದು ಎಲ್ಲ ತರಗತಿಗಳಿಗೂ ನಾನೇ ಹೋಗಿ ತಿಳಿಸಿದೆ. ಮೊದಲ ತಿಂಗಳು ಬಂದವರೆಲ್ಲ ಬೇರೆ ಯಾರದೋ ಸಮಸ್ಯೆ ಹೇಳಲು ಬಂದವರು, "ನನ್ನ ಫ್ರೆಂಡ್‌ಗೆ ಹೀಗಾಗಿದೆ" ಎಂದು. ಆ ಫ್ರೆಂಡ್ ಯಾರೆಂದು ನಾನು ಕೇಳುತ್ತಿರಲಿಲ್ಲ.

ಗೌಪ್ಯತೆಯ ವಿಷಯದಲ್ಲಿಯೂ ಮೊದಲು ಎಡವಿದ್ದೆ. "ಇಲ್ಲಿ ಹೇಳಿದ್ದು ಯಾರಿಗೂ ಹೋಗುವುದಿಲ್ಲ" ಎನ್ನುತ್ತಿದ್ದೆ, ಅದು ಸುಳ್ಳು. ಈಗ ಮೊದಲ ಭೇಟಿಯ ಮೊದಲ ಮಾತಾಗಿ, ಮೂರು ಸಂದರ್ಭ ಬಿಟ್ಟು ಉಳಿದುದೆಲ್ಲ ನಮ್ಮಿಬ್ಬರ ನಡುವೆಯೇ ಇರುತ್ತದೆ ಎನ್ನುತ್ತೇನೆ: ನಿನ್ನ ಜೀವಕ್ಕೆ ಅಪಾಯವಿದ್ದರೆ, ನಿನ್ನಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದರೆ. ಆಗಲೂ ಯಾರಿಗೆ, ಏನನ್ನು ಹೇಳುತ್ತೇನೆಂದು ಮೊದಲು ನಿನಗೇ ತಿಳಿಸುತ್ತೇನೆ ಎನ್ನುತ್ತೇನೆ. ಹೀಗೆ ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲವೆಂಬ ಭಯ ನನಗಿತ್ತು. ಬದಲಿಗೆ ಮಾತು ಬೇಗ ಬಂತು.

ಶಿಕ್ಷಕರ ಪಾತ್ರದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಟ್ಟು ಅವರನ್ನೇ ಸಮಾಲೋಚಕರನ್ನಾಗಿ ಮಾಡಿದರೆ ಸಾಕು ಎನ್ನುವ ವಾದ ಖರ್ಚಿನ ದೃಷ್ಟಿಯಿಂದ ಆಕರ್ಷಕವಾದದ್ದು. ಬಿಹಾರದ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ ಸ್ಥಳೀಯ ಕಾರ್ಯಕರ್ತರೂ ಇನ್ನು ಕೆಲವೆಡೆ ಶಿಕ್ಷಕರೂ ನಡೆಸಿದ್ದರು. ಕಾರ್ಯಕರ್ತರಿದ್ದ ಶಾಲೆಗಳ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಕಿರುಕುಳವೂ ಇಳಿದವು. ಶಿಕ್ಷಕರು ನಡೆಸಿದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದು ಶಿಕ್ಷಕರ ಕೊರತೆಯೆಂದು ನಾನು ಓದಿಕೊಳ್ಳುವುದಿಲ್ಲ. ಅಂಕ ಕೊಡುವವರ ಮುಂದೆ ಮಗು ಎಷ್ಟನ್ನು ಬಿಚ್ಚಿಡಬಲ್ಲದು, ಪಾಠ ಮುಗಿಸಬೇಕಾದವರಿಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದೂ ಅದರಲ್ಲಿದೆ.

ಆದ್ದರಿಂದ ಶಿಕ್ಷಕರಿಂದ ನಾನು ಕೇಳುವುದು ರೋಗದ ಹೆಸರನ್ನಲ್ಲ, ಬದಲಾವಣೆಯನ್ನು. "ಡಿಪ್ರೆಷನ್ ಇರಬಹುದು ಮೇಡಂ" ಎಂಬ ಟಿಪ್ಪಣಿ ನನಗೆ ಉಪಯೋಗಕ್ಕೆ ಬರುವುದಿಲ್ಲ. "ಮೂರು ವಾರದಿಂದ ಸೋಮವಾರ ಗೈರು, ಹೊಟ್ಟೆನೋವು ಎನ್ನುತ್ತಾನೆ, ಮೊದಲು ಜೊತೆಗೆ ಕೂರುತ್ತಿದ್ದವರಿಂದ ದೂರ ಕೂರುತ್ತಿದ್ದಾನೆ" ಎಂಬ ಟಿಪ್ಪಣಿಯಿಂದ ಕೆಲಸ ಶುರುವಾಗುತ್ತದೆ. ಟಿಪ್ಪಣಿ ಬಂದ ಎರಡು ದಿನದೊಳಗೆ, ಒಳವಿವರ ಹೇಳದೆ, "ಭೇಟಿಯಾಗಿದ್ದೇನೆ, ಮುಂದುವರಿಸುತ್ತಿದ್ದೇನೆ" ಎಂದು ಶಿಕ್ಷಕರಿಗೆ ತಿಳಿಸುತ್ತೇನೆ. ಮೊದಲ ವರ್ಷ ಹೀಗೆ ತಿಳಿಸದೆ ಇದ್ದುದರಿಂದಲೇ ಅರ್ಧದಷ್ಟು ಶಿಕ್ಷಕರು ಬರೆಯುವುದನ್ನು ನಿಲ್ಲಿಸಿದ್ದರು.

ಪ್ರಾರ್ಥನೆಯ ವೇಳೆಯಲ್ಲಿ ಹತ್ತು ನಿಮಿಷ ಧ್ಯಾನ ಮಾಡಿಸಿದ್ದೂ ಉಂಟು. ಒಂದು ವರ್ಷದ ನಂತರ ಕೈಬಿಟ್ಟೆ. ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಸಾವಧಾನತೆಯ (ಮನಸ್ಸನ್ನು ಈ ಕ್ಷಣದಲ್ಲಿ ನಿಲ್ಲಿಸುವ ಧ್ಯಾನದ, ಮೈಂಡ್‌ಫುಲ್‌ನೆಸ್) ಪಾಠ ಪಡೆದ ಮಕ್ಕಳ ಮನಃಸ್ಥಿತಿ ಉಳಿದವರಿಗಿಂತ ಉತ್ತಮಗೊಂಡಿರಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಇಷ್ಟವಿದ್ದವರು ಮಾಡಲಿ, ಅದನ್ನೇ ಶಾಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಕರೆಯಬಾರದು, ಅಷ್ಟೆ.

ನನಗೆ ಅತ್ಯಂತ ಕಷ್ಟವಾದದ್ದು ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ನಂಬಿಕೆ ಸಿಬ್ಬಂದಿ ಕೊಠಡಿಯಲ್ಲಿಯೂ ಗಟ್ಟಿಯಾಗಿದೆ. ಈ ವಿಷಯದ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಬಳಸುಮಾತು ಬಿಟ್ಟು, "ಇಷ್ಟೆಲ್ಲ ಕಷ್ಟ ಇದ್ದಾಗ ಕೆಲವರಿಗೆ ಸಾಯಬೇಕು ಅಂತ ಅನಿಸುತ್ತದೆ, ನಿನಗೆ ಹಾಗೆ ಅನಿಸಿದೆಯಾ?" ಎಂದು ಕೇಳುವುದನ್ನು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡೆ. ಹೌದು ಎಂಬ ಉತ್ತರ ಬಂದರೆ ಆ ಮಗುವನ್ನು ಅಂದು ಒಂಟಿಯಾಗಿ ಬಿಡುವುದಿಲ್ಲ. ಮನೆಯವರನ್ನು ಅದೇ ದಿನ ಕರೆಸಿ, ಔಷಧಿ ಮತ್ತಿತರ ಅಪಾಯಕಾರಿ ವಸ್ತುಗಳನ್ನು ಬೀಗ ಹಾಕಿಡಲು ಹೇಳಿ, ಮನೋವೈದ್ಯರ ಭೇಟಿಯ ದಿನ ಗೊತ್ತಾಗುವವರೆಗೆ ಜೊತೆಗಿರುತ್ತೇನೆ. ಆ ದಿನ ಎರಡು ವಾರ ದೂರವಿದ್ದರೆ, ನಡುವಿನ ಪ್ರತಿ ಬೆಳಗ್ಗೆ ಹಾಜರಿಯ ನಂತರ ಎರಡು ನಿಮಿಷ ಮಗುವನ್ನು ಕಾಣುತ್ತೇನೆ. ಮೊದಲ ವರ್ಷ ಮನೋವೈದ್ಯರನ್ನು ಕಾಣುವಂತೆ ಚೀಟಿ ಬರೆದು ಕೊಟ್ಟರೆ ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ. ಎಷ್ಟೋ ಚೀಟಿಗಳು ಶಾಲಾ ಚೀಲದಿಂದ ಹೊರಗೇ ಬಂದಿರಲಿಲ್ಲ.

ಪ್ರಶ್ನಾವಳಿಯನ್ನು ಮತ್ತೆ ಬಳಸುತ್ತಿದ್ದೇನೆ, ಒಂದು ಸಲಕ್ಕೆ ಒಂದೇ ವಿಭಾಗಕ್ಕೆ. ಮಕ್ಕಳನ್ನು ದೂರದೂರ ಕೂರಿಸಿ, ಪೆನ್ನಿನಲ್ಲಿ ತುಂಬಿಸಿ, ಅಂದೇ ಸಂಜೆ ಮೊತ್ತದ ಜೊತೆಗೆ ಭಾವನೆಯ ಅಂಕವನ್ನು ಬೇರೆಯಾಗಿ ನೋಡಿ, ಹತ್ತು ದಿನದೊಳಗೆ ಎಲ್ಲರನ್ನೂ ಭೇಟಿಯಾಗಲು ಸಾಧ್ಯವಾಗುವಷ್ಟು ಪೀರಿಯಡ್‌ಗಳನ್ನು ಮೊದಲೇ ಕಾದಿರಿಸಿಕೊಂಡ ಮೇಲೆಯೇ ಹಂಚುತ್ತೇನೆ. ರಜೆಯ ಸಮಸ್ಯೆ ಮಾತ್ರ ಇನ್ನೂ ಬಗೆಹರಿದಿಲ್ಲ. ಶಾಲೆ ಮುಚ್ಚಿದ ದಿನಗಳಲ್ಲಿ ಕೆಲವು ಮಕ್ಕಳಿಗೆ ಮನೆಯೇ ಕಷ್ಟದ ಜಾಗ. ಗ್ರಂಥಾಲಯದ ಪಕ್ಕದ ಬಾಗಿಲು ಆಗ ಬೀಗ ಹಾಕಿರುತ್ತದೆ. ಸದ್ಯಕ್ಕೆ ರಜೆಗೆ ಎರಡು ವಾರ ಮುಂಚೆ ಅಂಥ ಮಕ್ಕಳ ಜೊತೆ ಕುಳಿತು, ಕಷ್ಟವಾದಾಗ ಯಾರಿಗೆ ಫೋನ್ ಮಾಡುವುದು, ಅವರು ಎತ್ತದಿದ್ದರೆ ಮುಂದೆ ಯಾರಿಗೆ ಎಂದು ಮೂರು ಹೆಸರುಗಳನ್ನು ಅವರ ಕೈಯಿಂದಲೇ ಬರೆಸುತ್ತೇನೆ. ಕೆಲವರಿಗೆ ಎರಡನೆಯ ಹೆಸರು ಹೊಳೆಯಲು ಅರ್ಧ ಪೀರಿಯಡ್ ಬೇಕಾಗುತ್ತದೆ.