ಪುಟ್ಟಿಗೆ ಯಾವ ಬಣ್ಣ ತರೋಣ?

ಹೋದ ಬೇಸಿಗೆ ರಜೆಗೆ ತಮ್ಮನ ಮಗಳು ನಮ್ಮ ಮನೆಗೆ ಬಂದಳು. ಅವಳ ಬ್ಯಾಗಿನಲ್ಲಿ ಮೂರು ವಾಟರ್ ಕಲರ್ ಡಬ್ಬಿ. ಮೂರೂ ಹುಟ್ಟುಹಬ್ಬಕ್ಕೆ ಬಂದಿದ್ದು. ಪುಟ್ಟಿಗೆ ಮೂರೂವರೆ ವರ್ಷ. ಡಬ್ಬಿ ತೆರೆದರೆ ಮಾತ್ರೆಗಳ ಹಾಗೆ ಹನ್ನೆರಡು ಬಿಲ್ಲೆ, ಪಕ್ಕದಲ್ಲಿ ಹಲ್ಲುಕಡ್ಡಿಯಂಥ ಬ್ರಷ್ಷು. ಹಳದಿ ಬಿಲ್ಲೆಯನ್ನು ಉಜ್ಜಿ ಉಜ್ಜಿ ಕಾಗದದ ಮೇಲೆ ಎಳೆದಳು. ಏನೂ ಕಾಣಲಿಲ್ಲ. ಇನ್ನಷ್ಟು ನೀರು ಹಾಕಿ ತಿಕ್ಕಿದಳು. ಕಾಗದ ತೂತಾಯಿತು. "ಅತ್ತೆ, ಇದು ಬರಲ್ಲ" ಅಂತ ಎದ್ದೇ ಹೋದಳು.

ಬಿಲ್ಲೆ ಬಣ್ಣಕ್ಕೆ ನೀರಿನ ಹದ ತಿಳಿದಿರಬೇಕು. ಆರೇಳು ವರ್ಷದವರೆಗೆ ಅದನ್ನು ಎತ್ತಿಡಿ. ಬ್ರಷ್ ಇಟ್ಟ ಕಡೆ ಬಣ್ಣ ಕಾಣಬೇಕು, ಮಗುವಿಗೆ ಬೇಕಿರೋದು ಅಷ್ಟೇ. ಅದಕ್ಕೆ ಪೋಸ್ಟರ್ ಕಲರ್ ಸರಿ. ದೋಸೆ ಹಿಟ್ಟಿನಷ್ಟು ಗಟ್ಟಿ ಇರುತ್ತೆ, ಒಂದೇ ಎಳೆತಕ್ಕೆ ಕೂರುತ್ತೆ, ನೀರಿಗೆ ಕರಗುತ್ತೆ.

ಹನ್ನೆರಡು ಬಣ್ಣದ ಸೆಟ್ ಬೇಡ. ಹಳದಿ, ನೀಲಿ, ಕೆಂಪು ಒಂದೊಂದು ಬಾಟಲಿ, ಬಿಳಿ ಸ್ವಲ್ಪ ದೊಡ್ಡದು. ಕೆಂಪಿನ ವಿಷಯದಲ್ಲಿ ನಾನೇ ಮೋಸಹೋಗಿದ್ದೆ. ವರ್ಮಿಲಿಯನ್ ತಂದಿದ್ದೆ. ಅದು ಕಿತ್ತಳೆ ಕಡೆ ವಾಲುವ ಕೆಂಪು, ನೀಲಿ ಬೆರೆಸಿದರೆ ಕೆಸರಿನ ಬಣ್ಣ. ಕ್ರಿಮ್ಸನ್ ಕೇಳಿ ತನ್ನಿ, ಬೀಟ್ರೂಟ್ ರಸದ ಥರ ಇರುತ್ತೆ. ಅದಕ್ಕೆ ನೀಲಿ ಬಿದ್ದರೆ ನೇರಳೆ ಬರುತ್ತೆ. ಕಪ್ಪು ಸದ್ಯಕ್ಕೆ ತರಲೇಬೇಡಿ. ಒಂದು ಹನಿ ಸಾಕು, ಇಡೀ ಚಿತ್ರ ಸಗಣಿ ಸಾರಿಸಿದ ಹಾಗಾಗುತ್ತೆ.

ಅಂಗಡಿಯವನು ಅಕ್ರಿಲಿಕ್ ತೋರಿಸಿ "ಇದು ಹೋಗೋದೇ ಇಲ್ಲ ಮೇಡಂ" ಅಂದ. ಅದೇ ತೊಂದರೆ ಅಲ್ವಾ? ಒಣಗಿದ ಅಕ್ರಿಲಿಕ್ ಬಟ್ಟೆಯಿಂದ ಹೋಗಲ್ಲ, ತೊಳೆಯದೆ ಬಿಟ್ಟ ಬ್ರಷ್ಷೂ ಕಡ್ಡಿಯಾಗುತ್ತೆ.

ಲೇಬಲ್ ಮೇಲೆ ನಾನ್ ಟಾಕ್ಸಿಕ್ ಅಂತ ಇರಲಿ, ಎಷ್ಟು ವಯಸ್ಸಿನ ಮೇಲ್ಪಟ್ಟವರಿಗೆ ಅಂತಲೂ ನೋಡಿ. ಇಎನ್ 71 ಅನ್ನೋದು ಯುರೋಪಿನ ಆಟಿಕೆ ಸುರಕ್ಷತೆಯ ಮಾನದಂಡ, ಲೇಬಲ್ ಮೇಲೆ ಇದ್ದರೆ ಒಳ್ಳೆಯದು. ನಾನ್ ಟಾಕ್ಸಿಕ್ ಅಂದರೆ ತಿನ್ನಬಹುದು ಅಂತ ಅರ್ಥ ಅಲ್ಲ. ಬ್ರಷ್ ತೊಳೆಯುವ ನೀರನ್ನು ಕುಡಿಯುವ ಲೋಟದಲ್ಲಿ ಇಡಬೇಡಿ. ಅಟ್ಟದ ಮೇಲಿನ ಹಳೇ ಎನಾಮಲ್ ಡಬ್ಬವನ್ನಂತೂ ಇಳಿಸಲೇಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಅನ್ನೋ ವಿಷದ ಲೋಹ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಬಂದಿದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಡಬ್ಬದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು.

ಬ್ರಷ್ ದಪ್ಪ ಇರಲಿ, 12ನೇ ನಂಬರಿನ ಚಪ್ಪಟೆಯದು. ನೋಟ್‌ಬುಕ್ ಹಾಳೆ ಬೇಡ, ಡ್ರಾಯಿಂಗ್ ಶೀಟ್ ತನ್ನಿ. ಬಾಟಲಿಯನ್ನೇ ಮಗುವಿನ ಕೈಗೆ ಕೊಡದೆ, ಐಸ್ ಟ್ರೇ ಗುಳಿಗೆ ಒಂದೊಂದು ಚಮಚ ಹಾಕಿಕೊಡಿ. ತೆರೆದಿಟ್ಟ ಹಳೇ ಬಾಟಲಿ ಕೊಳೆತ ನಾತ ಬಂದರೆ ಎಸೆಯಿರಿ.

ಇನ್ನೂ ಚಿಕ್ಕ ಮಗು, ಎಲ್ಲಾ ಬಾಯಿಗೆ ಹಾಕುತ್ತೆ ಅಂದರೆ ಬಣ್ಣ ಅಡುಗೆಮನೆಯಲ್ಲೇ ಇದೆ. ಅರ್ಧ ಕಪ್ ಮೈದಾಕ್ಕೆ ಎರಡು ಕಪ್ ತಣ್ಣೀರು, ಗಂಟಿಲ್ಲದ ಹಾಗೆ ಕಲಸಿ ಸಣ್ಣ ಉರಿಯಲ್ಲಿ ಗಂಜಿಯಾಗುವವರೆಗೆ ತಿರುವಿ. ಆರಿದ ಮೇಲೆ ಒಂದು ಪಾಲಿಗೆ ಅರಿಶಿನ, ಇನ್ನೊಂದಕ್ಕೆ ಬೀಟ್ರೂಟ್ ರಸ. ಬೆರಳಲ್ಲೇ ಬಳಿಯಲಿ. ಮಿಕ್ಕಿದ್ದು ಫ್ರಿಜ್‌ನಲ್ಲಿ ಎರಡು ದಿನ ಇರುತ್ತೆ.

ಅರಿಶಿನದ ಒಂದು ಗುಟ್ಟು ಹೇಳಿಬಿಡ್ತೀನಿ. ಪುಟ್ಟಿಯ ಫ್ರಾಕಿಗೆ ಬಿದ್ದ ಹಳದಿ ಕಲೆಗೆ ಬಾರ್ ಸೋಪು ಉಜ್ಜಿದೆ. ಕಲೆ ರಕ್ತದ ಹಾಗೆ ಕೆಂಪಾಯಿತು! ತಮ್ಮನ ಹೆಂಡತಿ ಕೂಗಿಕೊಂಡಳು. ಅಮ್ಮ ನಕ್ಕು, "ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗಲ್ವೇನೇ, ಸೋಪೂ ಅದೇ ಜಾತಿ" ಅಂದರು. ಫ್ರಾಕನ್ನು ಚೆನ್ನಾಗಿ ಜಾಲಿಸಿ ಎರಡು ದಿನ ಬಿಸಿಲಿಗೆ ಹಾಕಿದೆ, ಕಲೆ ಮಾಸಿತು. ಆದರೆ ಪುಟ್ಟಿ ಅಷ್ಟಕ್ಕೆ ಬಿಡಲಿಲ್ಲ. ಹಾಳೆ ತುಂಬಾ ಅರಿಶಿನ ಬಳಿದು ಒಣಗಿಸಿ, ಬ್ರಷ್ಷನ್ನು ಸೋಪಿನ ನೀರಲ್ಲಿ ಅದ್ದಿ ಅದರ ಮೇಲೆ ಕೆಂಪು ಬೆಕ್ಕು ಬರೆದಳು. ಆಮೇಲೆ ನಾಲ್ಕು ದಿನ ಮನೆಯಲ್ಲಿ ಸಾರಿಗೆ ಅರಿಶಿನ ಉಳಿಯಲಿಲ್ಲ.