ಕೊ-ಒಮೊಟೆ ಕೆತ್ತಿದ ಬಗೆ

ಜಪಾನಿನ ನೋಹ್ ನಾಟಕಕ್ಕೆ ಮುಖವಾಡ ಕೆತ್ತುವವರು ಹೊಸ ಮುಖವನ್ನು ಕಲ್ಪಿಸಿಕೊಳ್ಳುವುದು ಅಪರೂಪ. ಶತಮಾನಗಳ ಹಿಂದಿನ ಮುಖವಾಡವೊಂದನ್ನು ಮುಂದಿಟ್ಟುಕೊಂಡು ಅದನ್ನೇ ಮತ್ತೆ ಕೆತ್ತುತ್ತಾರೆ. ಕ್ಯೋಟೋದಲ್ಲಿ ಗುರುಗಳ ಬಳಿ ನಾನು ಮೊದಲು ಕೈಹಾಕಿದ್ದು ಕೊ-ಒಮೊಟೆಗೆ, ಎಳೆಯ ಹುಡುಗಿಯ ಮುಖಕ್ಕೆ. ತುಂಬಿದ ಕೆನ್ನೆ, ಕಪ್ಪು ಬಳಿದ ಹಲ್ಲು, ಹಣೆಯ ಮೇಲ್ಭಾಗದಲ್ಲಿ ತೀಡಿದ ಹುಬ್ಬು. ಕೊಂಬು, ಕೋರೆಹಲ್ಲುಗಳ ಹನ್ನ್ಯಾ ಎಂಬ ರಾಕ್ಷಸಿಯ ಮುಖವಾಡಕ್ಕಿಂತ ಇದೇ ಕಠಿಣವೆಂಬುದು ನನ್ನ ಅಭಿಪ್ರಾಯ: ಉಳಿಯ ಅಳುಕನ್ನು ಮರೆಮಾಡಲು ಇಲ್ಲಿ ಒಂದು ಸುಕ್ಕೂ ಇಲ್ಲ.

ಮರ ಹಿನೋಕಿ, ಅಂದರೆ ಜಪಾನಿನ ಸೈಪ್ರೆಸ್. ಅಲ್ಲಿನ ಕಿಸೊ ಕಣಿವೆಯದಕ್ಕೆ ಹೆಚ್ಚು ಬೆಲೆ. ಎಳೆ ನೇರ, ಉಳಿಗೆ ಮೃದು, ಕೆತ್ತುವಾಗ ಕೋಣೆ ತುಂಬ ಘಮ. ಮುಖವಾಡದ ಎತ್ತರ ಸುಮಾರು 21 ಸೆಂ.ಮೀ. ಮಾತ್ರ, ನಟನ ಗದ್ದ ಕೆಳಗೆ ಕಾಣುತ್ತಲೇ ಇರುತ್ತದೆ. ತುಂಡಿನ ಮೇಲೆ ನಡುಗೆರೆ ಎಳೆದು, ಹಣೆ, ಮೂಗು, ತುಟಿಗಳ ಏರಿಳಿತಕ್ಕೆ ಕತ್ತರಿಸಿದ ರಟ್ಟಿನ ಅಚ್ಚುಗಳನ್ನು ಒಂದೊಂದಾಗಿ ಇಟ್ಟು ನೋಡುತ್ತೇನೆ. ಅಚ್ಚು ತಾಗಿದ ಕಡೆ ಹೆರೆಯುವುದು, ಬೆಳಕು ಇಣುಕಿದ ಕಡೆ ಕೈ ತಡೆಯುವುದು.

ಆದರೆ ಒಂದು ಅಚ್ಚಿಗೂ ಇನ್ನೊಂದಕ್ಕೂ ನಡುವಿನ ಜಾಗವನ್ನು ಕಣ್ಣೇ ತೀರ್ಮಾನಿಸಬೇಕು. ಕೆನ್ನೆ ಎಲ್ಲಿಂದ ಇಳಿಯತೊಡಗುತ್ತದೆ, ತುಟಿಯ ಅಂಚು ಎಷ್ಟು ಒಳಸರಿಯುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಆಗ ದೀಪ ಆರಿಸಿ, ಒಂದೇ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ತುಸು ಮೇಲೆತ್ತಿದರೆ ಮುಖ ಬೆಳಗಬೇಕು, ಅದು ತೆರಾಸು. ತುಸು ಬಾಗಿಸಿದರೆ ಮಂಕು ಕವಿಯಬೇಕು, ಅದು ಕುಮೊರಾಸು. ನಟ ರಂಗದ ಮೇಲೆ ಮಾಡುವುದು ಇದನ್ನೇ. ಮರದಲ್ಲೇ ನಗುವನ್ನು ಕೆತ್ತಿಬಿಟ್ಟರೆ ದುಃಖದ ಸನ್ನಿವೇಶದಲ್ಲೂ ಅದು ನಗುತ್ತಲೇ ಇರುತ್ತದೆ. ಹಾಗಾಗಿ ಬಾಯಿಯ ಮೂಲೆಗಳಲ್ಲಿ ಸಣ್ಣ ಉಳಿಯಿಂದ ಧೂಳಿನಷ್ಟೇ ತೆಗೆದು, ಮತ್ತೆ ಕಿಟಕಿಗೆ ಹಿಡಿದು, ಎರಡೂ ಭಾವ ಬರುವವರೆಗೆ ಮುಂದಕ್ಕೆ ಹೋಗುವುದಿಲ್ಲ.

ಬಣ್ಣಕ್ಕೆ ಸಿಂಪಿಯ ಚಿಪ್ಪಿನ ಪುಡಿ ಗೊಫುನ್, ಜೊತೆಗೆ ಪ್ರಾಣಿಚರ್ಮದಿಂದ ತೆಗೆದ ಅಂಟು. ಅಂಟನ್ನು ಕುದಿಸಬಾರದು, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಅಂಟು ಹೆಚ್ಚಾದರೆ ಲೇಪ ಬಿರುಕು ಬಿಡುತ್ತದೆ, ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ. ತೆಳುವಾಗಿ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತೇನೆ.

ಕಣ್ಣು, ಕೂದಲಿಗೆ ಸುಮಿ ಶಾಯಿ. ಕಣ್ಣಿನ ರಂಧ್ರ ಇಲ್ಲಿ ಚೌಕ. ನಟನಿಗೆ ರಂಗ ಕಾಣುವುದು ಬಹುಪಾಲು ಅದರಿಂದಲೇ. ಬೈತಲೆಯ ಎರಡೂ ಬದಿಗೆ ಮೂರು ಮೂರು ಎಳೆಗಳು ಒಂದನ್ನೊಂದು ದಾಟದೆ ಇಳಿಯಬೇಕು. ಹೆಣ್ಣಿನ ಮುಖವಾಡಗಳನ್ನು ಬೇರೆಬೇರೆಯಾಗಿ ಗುರುತಿಸುವುದೇ ಈ ಎಳೆಗಳಿಂದ, ಅವನ್ನು ಬರೆಯುವಾಗ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಹಿಂಬದಿಗೆ, ನಟನ ಬೆವರು ಮರಕ್ಕೆ ಇಳಿಯದಂತೆ, ಉರುಶಿ ಎಂಬ ಮರದ ರಸದ ಮೆರುಗು ಹಚ್ಚಿದರೆ ಕೆಲಸ ಮುಗಿಯಿತು.