ಕಂಬಳಿಹುಳು ಉಂಡೆಯಾದ ದಿನ

ಮಡಿಕೇರಿಗೆ ಕೆಮಿಸ್ಟ್ರಿ ಪಾಠ ಮಾಡಲು ಬರುವ ಮೊದಲು ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಬ್ರಷ್ ಪಾಲಿಮರ್‌ಗಳ ಚಿತ್ರ ತೆಗೆಯುತ್ತಿದ್ದೆ. ಪಾಲಿಮರ್ ಅಂದರೆ ಸಣ್ಣ ಅಣುಗಳು ಕೊಂಡಿಗಳಂತೆ ಸೇರಿದ ಉದ್ದನೆಯ ಒಂದು ಸರಪಳಿ, ಬ್ರಷ್‌ನಲ್ಲಿ ಅದರ ಮೈತುಂಬಾ ಒತ್ತೊತ್ತಾಗಿ ಕವಲುಗಳು. ಮಳೆಗಾಲದ ಕಾಫಿ ತೋಟದ ಕಂಬಳಿಹುಳು ನೆನೆಸಿಕೊಳ್ಳಿ, ಸಾಕು. ನನ್ನ ಹುಳುವಿನ ಕೂದಲೆಲ್ಲ ಬ್ಯುಟೈಲ್ ಅಕ್ರಿಲೇಟ್ ಎಂಬ ರಾಸಾಯನಿಕದ್ದು.

ಕಾಗೆಬಂಗಾರದ ತುಂಡಿಗೆ ಟೇಪ್ ಅಂಟಿಸಿ ಎಳೆದರೆ ಕೆಳಗಿನ ಹೊಸ ಪದರ ಕಾಣುತ್ತದೆ. ಅದರ ಮೇಲೆ ಈ ಪಾಲಿಮರಿನ ತೀರಾ ತೆಳುವಾದ ದ್ರಾವಣದ ಒಂದು ಹನಿ. ಒಣಗಿದ ಮೇಲೆ ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪಿನ ಮೊನೆ ಅದನ್ನು ಸಾಲುಸಾಲಾಗಿ ತಡವುತ್ತಾ ಹೋಗುತ್ತದೆ.

ಒಂದು ದಿನ ಸ್ಕ್ರೀನಿನಲ್ಲಿ ಹುಳುಗಳೇ ಇಲ್ಲ, ಬರೀ ಉಂಡೆಗಳು. ಸ್ಯಾಂಪಲ್ ಕೆಟ್ಟಿದೆ ಎಂದು ಎಸೆಯುವುದರಲ್ಲಿದ್ದೆ. ಆಗ ವಾಸನೆ ಮೂಗಿಗೆ ಬಡಿಯಿತು. ಚೇಂಬರನ್ನು ಎಥನಾಲ್‌ನಲ್ಲಿ ಒರೆಸಿ, ಆರುವ ಮೊದಲೇ ಮುಚ್ಚಿಬಿಟ್ಟಿದ್ದೆ. ತೆಗೆದು ತೇವದ ಗಾಳಿ ಬಿಟ್ಟೆ. ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದೆ. ಒಂದು ಉಂಡೆಯ ಪಕ್ಕದಿಂದ ಬಾಲ ಹೊರಬಂತು. ಆಮೇಲೆ ನಿಧಾನವಾಗಿ ಇಡೀ ಅಣು ಬಿಚ್ಚಿಕೊಂಡಿತು. ನಾನು ಎದ್ದು ನಿಂತುಬಿಟ್ಟಿದ್ದೆ.

ಕಾರಣ ಮೇಲ್ಮೈ ಸೆಳೆತ, ಅಂದರೆ ದ್ರವದ ಮೇಲ್ಮೈ ಕುಗ್ಗಲು ಎಳೆಯುವ ಬಲ. ನೀರಿನದು ಮೀಟರಿಗೆ 72 ಮಿಲಿನ್ಯೂಟನ್, ಎಥನಾಲಿನದು 22. ಈ ಪಾಲಿಮರಿನದು ನಡುವೆ, ಸುಮಾರು 33. ನೀರಿನ ಪದರ ಕೂತ ಮೇಲ್ಮೈ ಕೂದಲುಗಳನ್ನು ಎಳೆದು ಹರಡುತ್ತದೆ. ಅಗಲಕ್ಕೆ ಹರಡಿದ ಕೂದಲಿಗೆ ಜಾಗ ಬೇಕಲ್ವಾ? ಹಾಗಾಗಿ ನಡುವಿನ ಸರಪಳಿ, ಅಂದರೆ ಬೆನ್ನೆಲುಬು, ನೆಟ್ಟಗಾಗುತ್ತದೆ. ಎಥನಾಲ್ ಕೂತರೆ ಆ ಎಳೆತ ಹೋಗುತ್ತದೆ, ಅಣು ಮುದುಡಿಕೊಳ್ಳುತ್ತದೆ. ಕೂದಲು ಜಾಸ್ತಿ ಉದ್ದವಾದರೆ ಈ ಎಳೆತಕ್ಕೆ ಬೆನ್ನೆಲುಬಿನ ಕಾರ್ಬನ್ ಬಂಧವೇ ತುಂಡಾಗುತ್ತದೆ. ವಿಜ್ಞಾನಿ ಸೆರ್ಗೈ ಶೈಕೊ ಮತ್ತು ಸಂಗಡಿಗರು ಇದನ್ನು 2006ರಲ್ಲಿ ತೋರಿಸಿದರು. ಕತ್ತರಿ ಇಲ್ಲ, ಬಿಸಿ ಇಲ್ಲ, ಸುಮ್ನೆ ಮಲಗಿದ್ದಕ್ಕೇ ಮುರಿಯುವುದು! ನನಗೆ ಇಂದಿಗೂ ಇದು ಬೆರಗು.

ಇಲ್ಲಿ ಮಡಿಕೇರಿಯ ಕ್ಲಾಸಿನಲ್ಲಿ ಆ ಯಂತ್ರವಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟೂ ಹೋಗಿದ್ದ ಒಂದು ದಿನ, ತಟ್ಟೆಯ ನೀರಿನ ಮೇಲೆ ಹೊಲಿಗೆ ದಾರದ ಕುಣಿಕೆ ತೇಲಿಬಿಟ್ಟೆ. ಸೋಪು ನೀರಿನ ಸೆಳೆತ ತಗ್ಗಿಸುತ್ತದೆ. ಒಳಗೆ ಸೋಪು ಮುಟ್ಟಿಸಿದರೆ ದಾರ ಥಟ್ಟನೆ ದುಂಡಾಯಿತು. ಹೊಸ ನೀರು ಹಾಕಿ ಹೊರಗೆ ಮುಟ್ಟಿಸಿದರೆ ಮುದುಡಿತು.

"ಮೇಡಂ, ಕಂಬಳಿಹುಳ ಮುಟ್ಟಿದ ಹಾಗೆ!" ಅಂದಳು ಒಬ್ಬಳು ಹುಡುಗಿ.

"ಹುಳು ತಾನಾಗಿ ಮುದುಡುತ್ತೆ ಕಣಮ್ಮ. ಈ ದಾರಕ್ಕೆ ಏನು ಗೊತ್ತು? ಎಳೆದದ್ದು ನೀರು."

ಅವಳು ತಟ್ಟೆ ತೊಳೆದು, ಇನ್ನೊಂದು ದಾರ ಕತ್ತರಿಸಿದಳು.